ಕೆಂಚಮ್ಮನ ಒಂಬತ್ತು ದಿನ

ಮೂಕಿ ಚಿತ್ರಗಳ ನಟಿ ಮಿಸ್ ಶಶಿರೇಖಾ ತನ್ನ ಮೊದಲ ಚಿತ್ರದಲ್ಲಿ ಅಭಿನಯಿಸಿದ್ದು ಹಳೇಬೀಡಿನಲ್ಲೇ ಹೌದೋ ಅಲ್ಲವೋ, ಯಾವ ವರ್ಷ, ಇಷ್ಟನ್ನು ಖಚಿತ ಮಾಡಿಕೊಳ್ಳಲು ಮಾಲಿನಿ ಅದರ ಪಕ್ಕದ ಬಸ್ತಿಹಳ್ಳಿಗೆ ಬಂದಿದ್ದಳು. ಚಲನಚಿತ್ರ ವಿಶ್ವಕೋಶವೊಂದಕ್ಕೆ ಹಳೆಯ ನಟಿಯರ ವಿವರ ತಾಳೆ ನೋಡುವುದು ಅವಳ ಕೆಲಸ. ಚಿತ್ರದ ರೀಲು ಎಂದೋ ಸುಟ್ಟುಹೋಗಿ, ನಾಲ್ಕು ಫೋಟೋ ಮಾತ್ರ ಉಳಿದಿದ್ದವು.

ಆ ಶೂಟಿಂಗಿನ ಸುದ್ದಿ ಬಲ್ಲವರೆಂದರೆ ತೊಂಬತ್ತರ ಮುದ್ದಮ್ಮ ಒಬ್ಬರೇ ಎಂದು ಊರವರು ಹೇಳಿದ್ದರು. ಮುದ್ದಮ್ಮ ಫೋಟೋಗಳನ್ನು ಜಗಲಿಯ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಎರಡನ್ನು ಈ ಕಡೆ, ಎರಡನ್ನು ಆ ಕಡೆ ಇಟ್ಟರು.

"ಇವೆರಡು ನಮ್ಮ ಚಿಕ್ಕವ್ವ ಕೆಂಚಮ್ಮ. ಅವು ಯಾರೋ ಗೊತ್ತಿಲ್ಲ."

ಸೀರೆ, ಒಡವೆ ಎಲ್ಲ ಒಂದೇ ಅಲ್ಲವೇ ಎಂದಳು ಮಾಲಿನಿ. ಮುದ್ದಮ್ಮ ಫೋಟೋದೊಳಗಿನ ಕೆಂಚಮ್ಮನ ಗದ್ದದ ಮೇಲೆ ಬೆರಳಿಟ್ಟರು. ಮೂರು ಹಚ್ಚೆ ಚುಕ್ಕಿ. ಆರು ತಿಂಗಳಿಂದ ಮಾಲಿನಿ ಅವನ್ನು ಕಾಗದದ ಕಲೆಯೆಂದೇ ತಿಳಿದಿದ್ದಳು. ಉಳಿದೆರಡರಲ್ಲಿ ಗದ್ದ ನುಣ್ಣಗಿತ್ತು. ಚಿಕ್ಕವ್ವನನ್ನು ತಾನು ಕಂಡವಳಲ್ಲ, ಆದರೆ ತನ್ನ ಅವ್ವನದೂ ಇದೇ ಮುಖ, ಅಕ್ಕತಂಗಿಯರಿಗೆ ಒಂದೇ ದಿನ ಹಚ್ಚೆ ಹಾಕಿಸಿದ್ದರು ಎಂದರು ಮುದ್ದಮ್ಮ.

ಕೆರೆಯಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಕೆಂಚಮ್ಮನನ್ನು ಸಿನಿಮಾ ಕಂಪನಿಯವರೇ ಕರೆದು ನಾಯಕಿ ಮಾಡಿದ್ದರಂತೆ. ಒಂಬತ್ತನೆಯ ದಿನ ಕೆರೆ ಮೆಟ್ಟಿಲಲ್ಲಿ ಕಾಲು ಜಾರಿ ನೀರುಪಾಲಾದಳು. ಮರುದಿನವೇ ಕಂಪನಿ ಗಾಡಿ ಕಟ್ಟಿತು. ಬೇರೆಲ್ಲೋ ಇನ್ನೊಬ್ಬಳಿಗೆ ಅದೇ ಸೀರೆ ಉಡಿಸಿ ಚಿತ್ರ ಮುಗಿಸಿದರು. ಆ ಇನ್ನೊಬ್ಬಳೇ ಶಶಿರೇಖಾ ಎಂದು ಮಾಲಿನಿಗೆ ಹೊಳೆಯಿತು.

ಮಾರನೆಯ ವರ್ಷ ಅರಸೀಕೆರೆಯ ಟೆಂಟ್ ಸಿನಿಮಾಕ್ಕೆ ಆ ಚಿತ್ರ ಬಂತು. ಮುದ್ದಮ್ಮನ ಅವ್ವ ನೋಡಲು ಹೋದರು.

"ಸತ್ತ ತಂಗಿ ಪರದೆ ಮ್ಯಾಲೆ ಕೆರೆ ಏರಿ ಹಿಡ್ಕಂಡು ಹೋಗ್ತಿದ್ಲಂತೆ. ಅವ್ವ ಹೆಸರು ಹಿಡಿದು ಕೂಗಿದ್ಲು. ಅವಳು ತಿರುಗಿದ್ಲು ಕಣವ್ವ. ತಿರುಗಿದ್ರೆ ಮುಖ ಬ್ಯಾರೆ."

ಅಲ್ಲಿಂದಾಚೆ ಅವ್ವ ಸಾಯುವ ತನಕ ಯಾರನ್ನೂ ಹಿಂದಿನಿಂದ ಕರೆಯಲಿಲ್ಲ, ಕರೆದವರಿಗೆ ತಿರುಗಲೂ ಇಲ್ಲ.

ಕೆಂಚಮ್ಮನ ಎರಡು ಫೋಟೋ ಇಲ್ಲೇ ಬಿಟ್ಟುಹೋಗಲೇ ಎಂದು ಮಾಲಿನಿ ಕೇಳಿದಳು.

"ಬ್ಯಾಡ. ಮನೇಲಿಟ್ರೆ ಅವ್ವ ಹುಡುಕ್ಕಂಡು ಬತ್ತಾಳೆ," ಎಂದರು ಮುದ್ದಮ್ಮ, ತಮಾಷೆಯ ಸುಳಿವೇ ಇಲ್ಲದೆ.

ಊರಿಗೆ ಮರಳಿದಾಗ ಕೋಶದ ಸಂಪಾದಕ ಗಂಗಾಧರಯ್ಯನವರು ದಾಖಲೆ ಕೇಳಿದರು. ಮಾಲಿನಿ ಫೋಟೋಗಳನ್ನೇ ಮುಂದಿಟ್ಟಳು. ಅವರು ಭೂತಗನ್ನಡಿ ಹಿಡಿದು ಒಂದೊಂದೇ ಗದ್ದ ನೋಡಿ, ಬರೆಯಿರಿ ಎಂದಷ್ಟೇ ಹೇಳಿದರು.

ಶಶಿರೇಖಾಳ ಪುಟದಿಂದ ಮಾಲಿನಿ ಅರ್ಧ ಚಿತ್ರ ಕಳೆದಳು. ಹೊಸ ಪುಟದಲ್ಲಿ ಬರೆದಳು: ಕೆಂಚಮ್ಮ, ಬಸ್ತಿಹಳ್ಳಿ. ಹುಟ್ಟಿದ ವರ್ಷ ತಿಳಿಯದು. ನಟಿಸಿದ್ದು ಒಂಬತ್ತು ದಿನ.