ಎದೆಗೆ ಹಚ್ಚಿದ ಕಹಿ

"ಬಾಯಿಗೆ ಹಾಕೇ, ಮುಂಡೆ! ಕೊಟ್ಟಿಗೆ ಹಸುಗಿರೋ ನಿಯತ್ತೂ ನಿಂಗಿಲ್ವಲ್ಲೇ!"

ದೊರೆಸಾನಿ ಜೋಹಾನಾಳ ಕತ್ತು ಹಿಡಿದು ಬಗ್ಗಿಸಿದಳು. ತೊಡೆಯ ಮೇಲಿದ್ದ ಗಂಡುಕೂಸು ಮೊಲೆಗೆ ಬಾಯಿ ಹಾಕಿತು, ಮುಖ ಕಿವುಚಿತು, ಚೀರಿ ದೂರ ಸರಿಯಿತು. ಮ್ಯಾಜಿಸ್ಟ್ರೇಟನ ಮನೆಯಲ್ಲಿ ಮೂರು ದಿನದಿಂದ ಇದೇ ಪಾಡು.

"ಹಾಲೈತೆ ಅಮ್ಮಾವ್ರೇ. ಕೂಸೇ ಒಲ್ಲೆ ಅಂತೈತೆ, ನಾನೇನ್ ಮಾಡ್ಲಿ?"

ಜಮೀನ್ದಾರನ ಕುರಿ ಕದ್ದ ತಪ್ಪಿಗೆ ಜೋಹಾನಾಳನ್ನು ಐರ್ಲೆಂಡಿನಿಂದ ಏಳು ವರ್ಷಕ್ಕೆ, ಕೈದಿಗಳನ್ನು ತಂದು ಬಿಡುವ ಈ ವಾನ್ ಡೀಮನ್ ದ್ವೀಪಕ್ಕೆ ಸಾಗಿಸಿದ್ದರು. ಮೊದಲು ಚಾಕರಿಗೆ ಹಾಕಿದ ಮನೆಯ ಯಜಮಾನ ಬಸಿರು ಮಾಡಿದ. ಶಿಕ್ಷೆ ಆದದ್ದು ಅವಳಿಗೆ. ಹೆಣ್ಣು ಕೈದಿಗಳನ್ನು ಕೂಡಿಹಾಕಿ ದುಡಿಸುವ ಸೆರೆಮನೆಗೆ ಇಲ್ಲಿ ಕಾರ್ಖಾನೆಯೆಂದೇ ಹೆಸರು; ಅಲ್ಲಿ ಮಗಳು ಕೇಟಿ ಹುಟ್ಟಿದಳು. ಮಗುವಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ, ತಾಯಿಗೆ ಹಾಲು ಚೆನ್ನಾಗಿದೆಯೆಂದು ಆರಿಸಿ ದೊರೆಸಾನಿಯ ಕೂಸಿಗೆ ಹಾಲೂಡಲು ಇಲ್ಲಿಗೆ ಕಳಿಸಿದರು. ಕೇಟಿಗೆ ಅಲ್ಲಿ ನೀರುಗಂಜಿ. ಗಂಜಿ ಕುಡಿದ ಕೂಸುಗಳು ಒಂದೊಂದಾಗಿ ಸಾಯುತ್ತಿದ್ದವು, ಹೆತ್ತವಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿರುತ್ತಿತ್ತು.

ಕೆಲಸಕ್ಕೆ ಬಾರದ ದಾದಿ ಅನ್ನಿಸಿಕೊಂಡರೆ ವಾಪಸ್ ಅಟ್ಟುತ್ತಾರೆ, ಕೇಟಿ ಉಳಿಯುತ್ತಾಳೆ ಎಂದುಕೊಂಡಿದ್ದಳು ಜೋಹಾನಾ. ಅವಳ ಊರಿನಲ್ಲಿ ಹಾಲು ಬಿಡಿಸುವ ತಾಯಂದಿರು ಎದೆಗೆ ಕಹಿ ಸೊಪ್ಪು ಅರೆದು ಹಚ್ಚಿಕೊಳ್ಳುತ್ತಿದ್ದರು. ಅದೇ ಸೊಪ್ಪನ್ನು ಈ ಮನೆಯವರು ಚಿಗಟ ಓಡಿಸಲೆಂದು ಕೋಳಿಗೂಡಿನ ಪಕ್ಕ ಬೆಳೆಸಿದ್ದರು.

ಮ್ಯಾಜಿಸ್ಟ್ರೇಟ್ ವೈದ್ಯನನ್ನು ಕರೆದುಕೊಂಡು ಒಳಗೆ ಬಂದ.

"ಬಿಚ್ಚೇ," ಎಂದ ವೈದ್ಯ. ಮ್ಯಾಜಿಸ್ಟ್ರೇಟ್ ಕುರ್ಚಿ ಎಳೆದು ಎದುರಿಗೇ ಕೂತ. ವೈದ್ಯ ಹಸು ಕೊಳ್ಳುವವನ ಹಾಗೆ ಹಿಂಡಿ ನೋಡಿದ. ಜೋಹಾನಾ ಗೋಡೆ ನೋಡುತ್ತ ಹಲ್ಲು ಕಚ್ಚಿದಳು.

"ಹಾಲು ಸುರೀತಿದೆಯಲ್ಲ! ಈ ಐರಿಷ್ ಜಾತಿ ರಕ್ತವೇ ಕೊಳಕು ಸ್ವಾಮಿ, ವಾಪಸ್ ಕಳಿಸಿಬಿಡಿ." ಅವಳ ಜೀವ ಹಗುರಾಯಿತು. ಅಷ್ಟರಲ್ಲಿ ವೈದ್ಯ ಅದೇ ಬೆರಳಿನಿಂದ ಮೀಸೆ ತಿರುವಿದ, ತುಟಿ ಸವರಿಕೊಂಡ, ಜಮಖಾನೆಯ ಮೇಲೇ ಉಗಿದ.

"ಥೂ! ಕಹಿ! ಬೋಸುಡಿ ಎದೆಗೇನೋ ಬಳ್ಕೊಂಡಿದಾಳೆ!"

ದೊರೆಸಾನಿ ಕಪಾಳಕ್ಕೆ ಬಾರಿಸಿದಳು. ಮ್ಯಾಜಿಸ್ಟ್ರೇಟ್ ದನಿ ಏರಿಸಲಿಲ್ಲ. "ಕಾರ್ಖಾನೆಗೆ ಅಟ್ಟಿ, ತಲೆ ಬೋಳಿಸಲಿ. ಆರು ತಿಂಗಳು ಬಟ್ಟೆ ಒಗೀಲಿ. ಅಲ್ಲೀವರೆಗೆ ಇವಳು ತನ್ನ ಮಗು ಮುಟ್ಟೋ ಹಾಗಿಲ್ಲ."

"ನಿಮ್ ಕೂಸಿಗ್ ಮಾತ್ರ ಹೊಟ್ಟೆ ಐತಾ ಸ್ವಾಮಿ? ನನ್ ಕೂಸಿಗೇನ್ ಕಲ್ ಇಟ್ಟವ್ನಾ ದೇವ್ರು?"

ಮ್ಯಾಜಿಸ್ಟ್ರೇಟ್ ಆಳನ್ನು ಕರೆದು ಗಾಡಿ ಕಟ್ಟಿಸಿದ.

ಮಧ್ಯಾಹ್ನ ಕಾರ್ಖಾನೆಯ ಅಂಗಳದಲ್ಲಿ ಹೆಣ್ಣು ಕೈದಿಗಳ ಮೇಲ್ವಿಚಾರಕಿ ಮೇಟ್ರನ್ ಅವಳನ್ನು ಮುಕ್ಕಾಲಿಯ ಮೇಲೆ ಕೂರಿಸಿ ಕತ್ತರಿ ಹಿಡಿದಳು. ಎಡಗಡೆಯ ಕೂದಲೆಲ್ಲ ಉದುರಿತ್ತು. ಪಕ್ಕದ ಬಾನಿಯಲ್ಲಿ ಬಟ್ಟೆ ತುಳಿಯುತ್ತಿದ್ದ ಮುದುಕಿ ಎಫಿ ತಲೆ ಎತ್ತದೆ ಹೇಳಿದಳು:

"ನಿನ್ ಕೂಸು ಇನ್ನೂ ಉಸ್ರಾಡ್ತೈತೆ ಕಣೇ. ನಾಳೆ ಗೊತ್ತಿಲ್ಲ."

ಜೋಹಾನಾ ಎದ್ದಳು, ಕತ್ತರಿ ನೆಲಕ್ಕೆ ಬಿತ್ತು. "ನಿಲ್ಲೇ!" ಎಂದು ಮೇಟ್ರನ್ ಕೂಗುತ್ತಿದ್ದಂತೆ ಅರ್ಧ ಬೋಳು ತಲೆಯಲ್ಲೇ ಅಂಗಳ ದಾಟಿ ಕೂಸುಗಳ ಕೋಣೆಗೆ ಓಡಿದಳು. ಮೂಲೆಯ ತೊಟ್ಟಿಲಲ್ಲಿ ಕೇಟಿ ಇದ್ದಳು, ಎತ್ತಿಕೊಂಡರೆ ತೂಕವೇ ಇಲ್ಲ. ಜೋಹಾನಾ ಲಂಗದಂಚಿಗೆ ಉಗುಳಿ ಎದೆ ತಿಕ್ಕಿದಳು. ಮೂರು ದಿನದ ಕಹಿ, ಉಗುಳಿಗೆ ಹೋಗುವಂಥದ್ದಲ್ಲ.

ಕೇಟಿ ಬಾಯಿ ಹಾಕಿದಳು. ಮುಖ ಕಿವುಚಿ ಬಿಟ್ಟಳು.

"ಬಿಡ್ಬ್ಯಾಡ್ವೇ ನನ್ ತಾಯಿ, ನಿನ್ ಕಾಲಿಗ್ ಬೀಳ್ತೀನಿ."

ಹೊರಗೆ ಬೂಟಿನ ಸದ್ದಾಯಿತು. ಮೇಟ್ರನ್ ಇಬ್ಬರು ಕಾವಲುಗಾರರನ್ನು ಕರೆತಂದಿದ್ದಳು. ಹೊಸ್ತಿಲಲ್ಲಿ ಎಫಿ ಒದ್ದೆ ಕಾಲು ಚಾಚಿ ಕೂತಿದ್ದಳು, ಅವಳ ಹಿಂದೆ ಬಾನಿ ಬಿಟ್ಟು ಬಂದ ಹೆಂಗಸರು.

"ಏಳೇ ಮುದಿ ಗೂಬೆ!"

"ಕೂಸು ಕುಡೀಲಿ. ಆಮ್ಯಾಕೆ ಎಲ್ರನ್ನೂ ಎಳ್ಕೊಂಡ್ ಹೋಗ್ರಿ."

ಲಾಠಿ ಮೊದಲು ಬಿದ್ದದ್ದು ಎಫಿಯ ಹೆಗಲಿಗೆ. ಅವಳು ಕದಲಲಿಲ್ಲ.

ಒಳಗೆ ಕೇಟಿ ಮತ್ತೆ ಬಾಯಿ ಹಾಕಿದ್ದಳು. ಕಹಿಗೆ ಮೈಯೆಲ್ಲ ನಡುಗುತ್ತಿದ್ದರೂ ಎರಡೂ ಕೈಯಲ್ಲಿ ಮೊಲೆ ಹಿಡಿದುಕೊಂಡು, ಅಳುತ್ತಳುತ್ತಲೇ ಕುಡಿಯುತ್ತಿದ್ದಳು.