ನೆಲ ಮುಟ್ಟದ ನೀರು

ಹೇಮಶ್ರೀ ಹಳ್ಳಿಯ ಬಾವಿಯ ಕಟ್ಟೆ ಮೇಲೆ ಕೂತು ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು ತಿಕ್ಕಿದಳು. ತೊಳೆದು ಅರಿಶಿನ ಬಳಿದಳು. ನೀರು ಸೇದಿ ತುಂಬಿ, ಬಾಯಿಗೆ ಮಾವಿನ ಸೊಪ್ಪಿಟ್ಟು, ಸೊಂಟಕ್ಕೇರಿಸಿಕೊಂಡಳು. ಅಲ್ಲಿಂದಾಚೆ ಬಿಂದಿಗೆ ಎಲ್ಲಿಯೂ ಇಳಿಯುವಂತಿಲ್ಲ, ಹೊತ್ತವಳು ಬಾಯಿ ಬಿಡುವಂತಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಾವಳ್ಳಿಯ ಮದುವೆಮನೆಯ ಚಪ್ಪರ ಸೇರಬೇಕು. ಈ ಗಂಗೆ ಬಾರದೆ ಮದುಮಗಳು ಪ್ರತಿಭಾಳಿಗೆ ಅರಿಶಿನ ಹಚ್ಚುವುದಿಲ್ಲ. ಅರಿಶಿನವಿಲ್ಲದೆ ಬೆಳಗಿನ ಧಾರೆಯೂ ಇಲ್ಲ.

"ಇವಳಿಗೇ ಹೊರಿಸಿ ಅಂದಿದ್ದು ನಾನೇ," ಎಂದು ಕಾರು ಓಡಿಸುತ್ತ ಚಿಕ್ಕಪ್ಪ ಗೌರೀಶ್ ನಕ್ಕ. ಪ್ರತಿಭಾ ಅವನ ಮಗಳು. "ಸುಮ್ನಿರು ಅಂತ ಹೇಳೋ ಕೆಲ್ಸಾನೇ ಇಲ್ಲ. ಇಸ್ಕೂಲಲ್ಲಿ ಹಾಜರಿಗೂ ಬಾಯ್ ಬಿಡ್ತಿರ್ಲಿಲ್ಲ."

ಮಾದಾವರ ಇನ್ನೇನು ಬಂತು ಎನ್ನುವಾಗ ಅವನ ನಗು ನಿಂತಿತು. ಹೆದ್ದಾರಿಯಲ್ಲಿ ಮುಂದೆಲ್ಲೋ ಲಾರಿ ಮಗುಚಿತ್ತಂತೆ. ಕಣ್ಣು ಹೋದಷ್ಟು ದೂರ ಬಸ್ಸು, ಟ್ರಕ್ಕು, ಕಾರು. ಗೌರೀಶ್ ಹಾರನ್ ಒತ್ತಿದ, ಬೈದ, ಮತ್ತೆ ಒತ್ತಿದ. ಬಿಸಿಲು ಹಳದಿಗೆ ತಿರುಗಿತು.

"ಅಮ್ಮಾ, ಹುಡುಗಿ ತೋಳು ಸೋತೈತೆ. ಸೀಟ್ ಮೇಲೆ ಇಟ್ಕೊಳ್ಳಿ ಬಿಡು. ಯಾರ್ ನೋಡ್ತಾರೆ?" ಎಂದ, ಹಿಂದೆ ಹೇಮಶ್ರೀಯ ಪಕ್ಕ ಕೂತ ತಾಯಿಗೆ.

"ಹೊತ್ಕೊಂಡ್ ಬರ್ತಿರೋ ಗಂಗಮ್ಮನೇ ನೋಡ್ತಾಳಲ್ಲೋ!" ಎಂದಳು ಅಜ್ಜಿ ಅಕ್ಕಯಮ್ಮ. "ನಿನ್ನ ಹಾರನ್ನಿಗೆ ಅವಳೂ ಎದ್ದು ಹೋದಾಳು. ಅಗೋ ಮೆಟ್ರೋ ಕಾಣ್ತೈತೆ. ಇಳಿಯೇ ಹೇಮಾ, ನಡೆಯೋಣ."

ಹೊಗೆ, ಕಾವು, ಕಿವಿಗಡಚಿಕ್ಕುವ ಸದ್ದು. ವಾಹನಗಳ ಕನ್ನಡಿಗಳ ನಡುವೆ ಮೈ ಕಿರಿದು ಮಾಡಿಕೊಂಡು ಹೇಮಶ್ರೀ ನಡೆದಳು. ಎತ್ತರದ ಲಾರಿಯೊಂದರಿಂದ ಡ್ರೈವರ್ ಬಗ್ಗಿ ನೋಡಿದ. ಇಂಜಿನ್ ಆರಿಸಿ, ಕೆಳಗಿಳಿದು, ಚಪ್ಪಲಿ ಬಿಟ್ಟು ಕೈಮುಗಿದ.

"ಗಂಗಮ್ಮ ಬರ್ತಾವ್ಳೆ! ದಾರಿ ಬಿಡ್ರಪ್ಪೋ!"

ಬೈಕಿನವರು ಕಾಲೂರಿ ಹಿಂದೆ ಸರಿದರು. ಕನ್ನಡ ಬಾರದ ಟ್ರಕ್ಕಿನವನೊಬ್ಬ ಏನು ತಿಳಿದನೋ, ತೆರೆದ ಬಾಗಿಲು ಎಳೆದು ಮುಚ್ಚಿ ತಾನೂ ಅದಕ್ಕೆ ಒತ್ತಿಕೊಂಡು ನಿಂತ. ಒಂದರ ಹಿಂದೊಂದು ಇಂಜಿನ್ ಆರಿದವು. ಅಷ್ಟು ದೊಡ್ಡ ಹೆದ್ದಾರಿ ಉಸಿರು ಹಿಡಿದಂತಾಗಿ, ಬಿಂದಿಗೆಯೊಳಗೆ ನೀರು ಗುಳುಕ್ಕೆಂದದ್ದು ಅವಳಿಗೆ ಕೇಳಿಸಿತು. ಇದುವರೆಗೆ ಎದುರು ಬಂದವರಿಗೆಲ್ಲ ಗೋಡೆಗಂಟಿ ಜಾಗ ಬಿಟ್ಟವಳು ಅವಳು. ಇವರು ಕೈಮುಗಿಯುತ್ತಿರುವುದು ತನಗಲ್ಲ, ನೀರಿಗೆ ಎಂದು ಬಲ್ಲಳು. ಬಲ್ಲಳಾದರೂ ಕಣ್ಣು ತುಂಬಿತು.

ಸ್ಟೇಷನ್ನಿನಲ್ಲಿ ಅಜ್ಜಿ ಎಲ್ಲ ವಿವರಿಸಿದಳು. ಕಾವಲಿನ ಹೆಂಗಸು ಬಿಂದಿಗೆಯನ್ನು ಮೆಷಿನ್ನಿಗೆ ಹಾಕಿಸದೆ, ಬಗ್ಗಿ ನೀರು ನೋಡಿ, ಕಣ್ಣಿಗೊತ್ತಿಕೊಂಡು ಒಳಗೆ ಬಿಟ್ಟಳು. ಲಾಲ್‌ಬಾಗ್‌ನಲ್ಲಿ ಇಳಿದು ಓಡುನಡಿಗೆಯಲ್ಲಿ ಮಾವಳ್ಳಿಯ ಬೀದಿ ತಿರುಗಿದಾಗ ಆಕಾಶದಲ್ಲಿ ಇನ್ನೂ ಕೆಂಪಿತ್ತು.

ಚಪ್ಪರದಡಿ ಐದು ಮಂದಿ ಮುತ್ತೈದೆಯರು ಅವಳ ಸೊಂಟದಿಂದ ಬಿಂದಿಗೆ ಎತ್ತಿಕೊಂಡರು. ಮನೆಮಂದಿಯೆಲ್ಲ ಮುಂದಕ್ಕೆ ನುಗ್ಗಿದರು. ಭತ್ತದ ರಾಶಿಯ ಮೇಲೆ ಬಿಂದಿಗೆ ಇಳಿಯುವುದನ್ನು ಎಲ್ಲರೂ ಎವೆಯಿಕ್ಕದೆ ನೋಡುತ್ತಿದ್ದರು. ಹೇಮಶ್ರೀಗೆ ಬೆನ್ನುಗಳಷ್ಟೇ ಕಂಡವು. ಖಾಲಿ ತೋಳು ತಾನಾಗಿ ಮೇಲೇಳುವಷ್ಟು ಹಗುರಾಗಿತ್ತು.

"ಸ್ವಲ್ಪ ಸರೀರಿ," ಎಂದಳು. "ನಾನೂ ನೋಡ್ಬೇಕು."