ಗೆರೆ ಎಳೆದ ಪದ

ಅಂಟಿನಕ್ಕನಿಗೆ ಇದು ಮೂರನೆಯ ಪರೀಕ್ಷೆ, ಕೊನೆಯದೂ ಹೌದು. ಶೂ ಕಾರ್ಖಾನೆಯಲ್ಲಿ ಅಟ್ಟೆಗೆ ಅಂಟು ಬಳಿದು ಬಳಿದೇ ಅವಳಿಗೆ ಆ ಹೆಸರು ಬಂದಿತ್ತು. ಕೈಯಲ್ಲಿ ಕಸುಬಿತ್ತು, ಬಾಯಿಯಂತೂ ಸದಾ ಜೋರು. ಆದರೆ ಓದಿನ ಪರೀಕ್ಷೆ ಪಾಸಾಗದೆ ಸೂಪರ್‌ವೈಸರ್ ಆಗುವಂತಿರಲಿಲ್ಲ. ಎರಡು ಸಲ ಡುಮ್ಕಿ ಹೊಡೆದಾಗಿತ್ತು. ಈ ಸಲವೂ ಹೋದರೆ ಆ ಕೆಲಸ ನಿನ್ನೆ ಮೊನ್ನೆ ಬಂದವರ ಪಾಲು. ಅದನ್ನು ನೆನೆದರೇ ಅವಳ ಹೊಟ್ಟೆ ಉರಿಯುತ್ತಿತ್ತು.

ಎರಡು ಸಲವೂ ಅವಳನ್ನು ಮುಳುಗಿಸಿದ್ದು ಒಂದೇ ಬಗೆಯ ಪ್ರಶ್ನೆ: ಗೆರೆ ಎಳೆದ ಪದದ ಅರ್ಥವೇನು?

“ಪದ ಗೊತ್ತಿಲ್ಲ ಅಂತ ಹೆದರ್ಬೇಡಿ. ಅಕ್ಕಪಕ್ಕ ಏನಿದೆ ನೋಡಿ, ಅವೇ ಹೇಳ್ತವೆ” ಎಂದಿದ್ದರು ಸಂಜೆ ತರಗತಿಯ ಮೇಡಂ.

“ಬಾಡಿಗೆ ಮನೆ ಹಿಡಿಯೋ ಮುಂಚೆ ಪಕ್ಕದ ಮನೆಯವರನ್ನ ವಿಚಾರಿಸ್ತೀವಲ್ಲ, ಹಂಗೆ” ಎಂದು ಅವಳು ನಕ್ಕಿದ್ದಳು.

ಈಗ ಪರೀಕ್ಷಾ ಕೋಣೆಯಲ್ಲಿ ನಗು ಬರಲಿಲ್ಲ. ಗೆರೆ ಎಳೆದ ಪದ ‘ಬಾಷ್ಪಶೀಲ’. ದಿನಾ ನೋಡುತ್ತಿದ್ದ ಪದವೇ. ಅಟ್ಟೆಗೆ ಬಳಿಯುವ ಅಂಟಿನ, ಅಂದರೆ ಸಲ್ಯೂಷನ್ನಿನ ಡಬ್ಬದ ಮೇಲೆ ಕೆಂಪಕ್ಷರದಲ್ಲಿ ಇರುತ್ತಿತ್ತು. ಒತ್ತಕ್ಷರದ ಗೋಜಲು ಕಂಡು, ಕಂಪನಿಯ ಹೆಸರಿರಬೇಕೆಂದು ಸುಮ್ಮನಿದ್ದಳು.

ಅಕ್ಕಪಕ್ಕ ವಿಚಾರಿಸಿದಳು. ‘ಮುಚ್ಚಳ ತೆರೆದಿಟ್ಟರೆ ಈ ದ್ರವ ಕಣ್ಣಿಗೆ ಕಾಣದೆ ಗಾಳಿಗೆ ಸೇರುತ್ತದೆ.’ ಹಾಗಾದರೆ ಬೇಗ ಆವಿಯಾಗುವಂಥದ್ದು! ಖುಷಿಯಿಂದ ಗುರುತು ಹಾಕಲು ಹೊರಟವಳು ಮುಂದಿನ ಸಾಲನ್ನೂ ಓದಿದಳು. ‘ಮುಚ್ಚಿದ ಡಬ್ಬವನ್ನು ಬಿಸಿಯ ಬಳಿ ಇಟ್ಟರೆ ಆವಿ ಒಳಗೇ ತುಂಬಿ ಡಬ್ಬ ಸಿಡಿಯಬಹುದು. ಕಿಡಿ ತಾಗಿದರೆ ಕೋಣೆಯೇ ಹೊತ್ತಿಕೊಳ್ಳುತ್ತದೆ.’

ಬೆಳಿಗ್ಗೆ ತಾನೇ ಇಟ್ಟು ಬಂದ ಡಬ್ಬ ನೆನಪಾಯಿತು.

ಚಳಿಗೆ ಸಲ್ಯೂಷನ್ ಗಟ್ಟಿಯಾಗುತ್ತದೆ. ಡಬ್ಬವನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಸಡಿಲ ಮಾಡಿಕೊಳ್ಳುವುದು ಕಾರ್ಖಾನೆಯವರ ರೂಢಿ. ಇವತ್ತು ಪರೀಕ್ಷೆಯ ಗಡಿಬಿಡಿ. ಬೆಳಿಗ್ಗೆ ಕಾರ್ಖಾನೆಗೆ ಹೋಗಿ ಹೊಸ ಡಬ್ಬವನ್ನು ಮುಚ್ಚಿದ್ದ ಹಾಗೇ ಹೀಟರಿಗೆ ಒತ್ತಿ ಇಟ್ಟು ಬಂದಿದ್ದಳು. ಬೆಂಕಿಯಲ್ಲವಲ್ಲ, ಬರೀ ಬಿಸಿ ತಾನೇ? ಅದೇ ಮೇಜಿನಲ್ಲಿ ಕೆಲಸ ಮಾಡುವ ನಾದಿನಿಗೆ, “ಮೆತ್ತಗಾದ್ಮೇಲೆ ತಗೋ” ಎಂದೂ ಹೇಳಿದ್ದಳು.

ಅವಳು ಎದ್ದು ನಿಂತಳು. “ಸಾರ್, ಒಂದು ಫೋನ್ ಮಾಡ್ಬೇಕು.”

“ಹೊರಗೆ ಹೋದ್ರೆ ಮತ್ತೆ ಒಳಗೆ ಬಿಡಲ್ಲ. ನಿಯಮ ಗೊತ್ತಲ್ಲ?” ಎಂದರು ಪರೀಕ್ಷಾ ಮೇಲ್ವಿಚಾರಕರು.

ಪ್ರಶ್ನೆಗಳು ಇನ್ನೂ ಅರ್ಧ ಬಾಕಿ ಇದ್ದವು. ಏನೂ ಆಗಲಿಕ್ಕಿಲ್ಲ, ಬರೆದು ಮುಗಿಸಿ ಹೋಗು ಎಂದು ಮನಸ್ಸು ಪುಸಲಾಯಿಸಿತು. ಒಂದು ಗಳಿಗೆ ಅವಳು ಅದರ ಮಾತು ಕೇಳಿದಳು ಕೂಡ. ಮರುಗಳಿಗೆ ತನ್ನ ಮೇಲೇ ಅಸಹ್ಯವಾಗಿ, ಬಾಗಿಲ ಬಳಿ ಒಪ್ಪಿಸಿದ್ದ ಫೋನು ಕಿತ್ತುಕೊಂಡು ಹೊರಬಿದ್ದಳು.

ನಾದಿನಿಯ ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮಿಷನ್ನಿನ ಸದ್ದಿನಲ್ಲಿ ಕೇಳಿಸಬೇಕಲ್ಲ! ಮತ್ತೆ ಮಾಡಿದಳು.

“ಏನತ್ತಿಗೆ, ಇಷ್ಟು ಬೇಗ ಮುಗೀತಾ?”

“ಹೀಟರ್ ಹತ್ರದ ಡಬ್ಬ ಮುಟ್ಬೇಡ!”

“ಅದನ್ನೇ ತೆಗೆಯೋಕೆ ಸ್ಕ್ರೂಡ್ರೈವರ್ ತಂದೆ. ಇದೇನತ್ತಿಗೆ, ಮುಚ್ಚಳ ಉಬ್ಬಿಕೊಂಡಿದೆ…”

“ಕೈ ತೆಗಿ! ಎಲ್ಲರನ್ನೂ ಹೊರಗೆ ಕರ್ಕೊಂಡು ಹೋಗು, ಮೇನ್ ಆಫ್ ಮಾಡ್ಸು. ಓಡೇ!”

ಕುರ್ಚಿ ಉರುಳಿದ ಸದ್ದು, ಯಾರದೋ ಕೂಗು, ಓಟದ ಹೆಜ್ಜೆಗಳು. ಆಮೇಲೆ ಏನೂ ಇಲ್ಲ. ಅಂಟಿನಕ್ಕ ಗೋಡೆಗೆ ಒರಗಿ, ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಳು. ಹಿಂದೆ ಪರೀಕ್ಷಾ ಕೋಣೆಯ ಚಿಲಕ ಬಿದ್ದಿತು.

“ಎಲ್ಲರೂ ಹೊರಗಿದೀವಿ” ಎಂದಳು ನಾದಿನಿ ಕೊನೆಗೆ, ಏದುಸಿರಿನಲ್ಲಿ. “ಮೇನ್ ಆಫ್ ಆಗಿದೆ.” ಆಮೇಲೆ ಅಳು ಬಂತು ಅವಳಿಗೆ. “ಅಲ್ಲತ್ತಿಗೆ, ಅಲ್ಲಿ ಕೂತಿದ್ದ ನಿಮಗೆ ಇದನ್ನ ಯಾರು ಹೇಳಿದ್ರು?”

ಅಂಟಿನಕ್ಕ ಮುಚ್ಚಿದ ಬಾಗಿಲನ್ನು ನೋಡಿದಳು.

“ಯಾರೂ ಹೇಳ್ಲಿಲ್ಲ ಕಣೇ. ನಾನೇ ಓದ್ದೆ.”